ಎರಡು ಗಡಿಯಾರಗಳ ನಡುವಿನ ಬಚ್ಚಲು

ನಾನು ಬೆಳೆದ ಮಸ್ಕತ್ತಿನ ರೂವಿಯ ಮನೆಯಲ್ಲಿ ಎರಡು ದೇಶಗಳ ಹೊತ್ತು ನಡೆಯುತ್ತಿತ್ತು. ಹಾಲಿನ ಗೋಡೆಯ ಮೇಲಿದ್ದ ಗಡಿಯಾರ ಒಮಾನಿನದು. ಅಪ್ಪನ ಆಫೀಸು, ನನ್ನ ಶಾಲೆಯ ಬಸ್ಸು, ಕೆಳಗಿನ ಅಂಗಡಿಗಳ ಶಟರು ಎಲ್ಲವೂ ಅದರ ಮಾತು ಕೇಳುತ್ತಿದ್ದವು. ಅಡುಗೆಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಗಡಿಯಾರ ಮೈಸೂರಿನದು. ಅದು ಒಂದೂವರೆ ಗಂಟೆ ಮುಂದೆ ಓಡುತ್ತಿತ್ತು. ಅಮ್ಮ ರಾಹುಕಾಲ ನೋಡುತ್ತಿದ್ದುದು ಅದರಲ್ಲಿ, ಶನಿವಾರದ ಒಪ್ಪತ್ತು ಮುರಿಯುತ್ತಿದ್ದುದು ಅದರಲ್ಲಿ, ಈಗ ಅಲ್ಲಿ ನಮ್ಮಮ್ಮ ಹೂವಿನವಳ ಹತ್ತಿರ ಚೌಕಾಸಿ ಮಾಡ್ತಿರ್ತಾಳೆ ಎಂದು ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳುತ್ತಿದ್ದುದೂ ಅದನ್ನೇ ನೋಡಿಕೊಂಡು. ರಾಹುಕಾಲ ಅನ್ನೋದು ಸೂರ್ಯ ಹುಟ್ಟುವ ಲೆಕ್ಕ, ಮಸ್ಕತ್ತಿನ ಸೂರ್ಯ ಹುಟ್ಟುವುದೇ ಬೇರೆ ಹೊತ್ತಿಗೆ ಎಂದು ಅಪ್ಪ ಒಮ್ಮೆ ವಾದ ಹೂಡಿದ್ದರು. ಅಮ್ಮ ಸೌಟನ್ನೂ ಕೆಳಗಿಡದೆ ಉತ್ತರ ಕೊಟ್ಟಿದ್ದಳು.

"ರಾಹು ಇರೋದು ಒಬ್ಬನೇ ಅಲ್ವೇನ್ರೀ? ಅವನಿಗೆ ಇಲ್ಲಿಗೆ ಬರೋಕೆ ಯಾವ ಕಫೀಲ್ ವೀಸಾ ಕೊಡಿಸ್ತಾನೆ?"

ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಗಿಡ್ಡ ಓಣಿ, ಆ ಓಣಿಯ ಅರ್ಧದಲ್ಲಿ ಬಚ್ಚಲು. ಅಪ್ಪ ಅದನ್ನು ಬಾತ್‌ರೂಮ್ ಎನ್ನುತ್ತಿದ್ದರು, ಅಮ್ಮ ಬಚ್ಚಲೆಂದೇ ಕರೆಯುತ್ತಿದ್ದಳು. ಮಂಕು ಗುಲಾಬಿ ಬಣ್ಣದ ಟೈಲ್ಸು, ಒಂದು ಮೂಲೆಯಲ್ಲಿ ನೀರು ಹಿಡಿದಿಡುವ ನೀಲಿ ಡ್ರಮ್ಮು, ಬಾಗಿಲ ಮೇಲ್ಗಡೆ ಗೋಡೆಗೆ ಅಂಟಿಕೊಂಡ ಬಿಳಿ ಪೀಪಾಯಿಯಂಥ ಗೀಸರ್. ಊರಲ್ಲಿ ಅಜ್ಜಿಯ ಮನೆಯ ಹಂಡೆಯ ಒಲೆಗೆ ಸಂಜೆ ಕಸಕಡ್ಡಿ ತುರುಕಿದರೂ ನೀರು ಬೆಳಿಗ್ಗೆವರೆಗೆ ಬೆಚ್ಚಗಿರುತ್ತಿತ್ತಂತೆ. ನಮ್ಮ ಗೀಸರ್ ಎರಡು ಬಕೆಟ್ ಕೊಡುವಷ್ಟರಲ್ಲಿ ಉಸ್ಸಪ್ಪಾ ಎಂದು ತಣ್ಣಗಾಗುತ್ತಿತ್ತು. ಆಮೇಲೆ ಮತ್ತೆ ಕಾಯಲು ಅದಕ್ಕೆ ಧಾರಾಳವಾಗಿ ಬಿಡುವು ಬೇಕಿತ್ತು. ಹಾಗಿದ್ದರೂ ಅಪ್ಪನಿಗೆ ಅದರ ಬಗ್ಗೆ ಹುಲಿಯ ಬಗ್ಗೆ ಇರುವಂಥ ಭಯ. ಯಾವುದೋ ಬಿಲ್ಡಿಂಗಿನಲ್ಲಿ ಯಾರದೋ ಗೀಸರ್ ಆಫ್ ಮಾಡುವುದು ಮರೆತು ಸಿಡಿದು ಹೋಗಿತ್ತೆಂದು ಯಾರೋ ಯಾವಾಗಲೋ ಅವರಿಗೆ ಹೇಳಿದ್ದರು. ಶುಕ್ರವಾರ ಸಂಜೆ ನಾವು ಬೀಚಿಗೆಂದು ಟ್ಯಾಕ್ಸಿ ಹತ್ತಿದರೆ ಅಪ್ಪ ರೂವಿಯ ರೌಂಡಬೌಟು ದಾಟುವವರೆಗೆ ಸುಮ್ಮನಿರುತ್ತಿದ್ದರು. ಅಲ್ಲಿಂದ ಮುಂದೆ ಒಂದೊಂದಾಗಿ ಕೇಳುತ್ತಿದ್ದರು: ಗೀಸರ್ ಆಫ್ ಮಾಡಿದ್ದು ಯಾರು, ಮಾಡಿದ್ದನ್ನು ನೋಡಿದ್ದು ಯಾರು, ಕೆಂಪು ದೀಪ ಆರಿತ್ತೋ ಅಥವಾ ಆರಿದ ಹಾಗೆ ಕಂಡಿತ್ತೋ. ಎಷ್ಟೋ ಶುಕ್ರವಾರ ನಾವು ಸಮುದ್ರವನ್ನು ಟ್ಯಾಕ್ಸಿಯ ಕಿಟಕಿಯಿಂದ ದೂರದಲ್ಲೇ ನೋಡಿ ವಾಪಸ್ಸಾಗಿದ್ದೇವೆ. ಗೀಸರ್ ಪ್ರತಿ ಸಲವೂ ಆಫ್ ಆಗಿಯೇ ಇರುತ್ತಿತ್ತು. ಅದರಿಂದ ಅಪ್ಪನಿಗೆ ಸಮಾಧಾನವಾಗುತ್ತಿತ್ತೇ ಹೊರತು ಪಾಠವಾಗುತ್ತಿರಲಿಲ್ಲ.

ಕೆಲವರ ಮನೆಯಲ್ಲಿ ಹೊಲ ಇಳಿದು ಬರುತ್ತದೆ, ಕೆಲವರಲ್ಲಿ ಸಕ್ಕರೆ ಕಾಯಿಲೆ. ನಮ್ಮಲ್ಲಿ ಚಿಂತೆ. ಈಗ ಮಸ್ಕತ್ತಿನದೇ ಅಂಚಿನ ಅಲ್ ಅಮೇರಾತ್‌ನಲ್ಲಿರುವ ನನ್ನ ಮನೆಯ ಗೀಸರನ್ನು ಫೋನಿನಲ್ಲೇ ಆನ್ ಮಾಡಬಹುದು, ಆಫ್ ಮಾಡಬಹುದು, ವಾರಕ್ಕೆ ಆಗುವಷ್ಟು ಹೊತ್ತು ನಿಗದಿ ಮಾಡಿ ಇಡಬಹುದು. ಫೋನು ಆಫ್ ಎನ್ನುತ್ತದೆ. ನಾನು ಎದ್ದು ಹೋಗಿ ಬಚ್ಚಲ ದೀಪ ಹಾಕಿ ನೋಡುತ್ತೇನೆ. ಸಾಲದ್ದಕ್ಕೆ ಪೈಪನ್ನು ಮುಟ್ಟಿ ನೋಡುತ್ತೇನೆ. "ಅಮ್ಮಾ, ಇಟ್ ಸೇಸ್ ಆಫ್" ಎಂದು ಮಗಳು ಸೋಫಾದಿಂದಲೇ ಕೂಗುತ್ತಾಳೆ. ಅದು ಹೇಳುತ್ತದೆ ಎನ್ನುವುದೇ ನನ್ನ ತಕರಾರು. ಹೇಳುವ ಯಂತ್ರಗಳನ್ನು ನಾನು ಎಳೆಯ ವಯಸ್ಸಿನಲ್ಲೇ ಹತ್ತಿರದಿಂದ ಕಂಡವಳು.

ಅಂಥ ಮೊದಲ ಯಂತ್ರವನ್ನು ಅಪ್ಪ ರೂವಿಯ ಎಲೆಕ್ಟ್ರಿಕಲ್ ಅಂಗಡಿಯೊಂದರಿಂದ ತಂದರು. ಅವರು ಕಟ್ಟಡ ಕಟ್ಟುವ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಊರಿನವರ ಮನೆಗಳಲ್ಲಿ ಯಾವ ಪೈಪು ಎಲ್ಲಿ ತಿರುಗಬೇಕೆಂದು ದಿನವಿಡೀ ಗೆರೆ ಎಳೆಯುತ್ತಿದ್ದವರು, ತಮ್ಮ ಮನೆಯ ಭಯಕ್ಕೂ ಒಂದು ವ್ಯವಸ್ಥೆ ಇರಬೇಕೆಂದು ಗೀಸರಿಗೆ ಟೈಮರ್ ಹಾಕಿಸಿದರು. ಅಂಗೈ ಅಗಲದ ದುಂಡು ಮುಖ, ಸುತ್ತಲೂ ಇಪ್ಪತ್ತನಾಲ್ಕು ಗಂಟೆಗಳು, ಗಂಟೆಗಳ ಅಂಚಿನಲ್ಲಿ ಹಲ್ಲಿನಂಥ ಪುಟ್ಟ ಗುಂಡಿಗಳು. ಒತ್ತಿದ ಹಲ್ಲು ಬಂದಾಗ ಗೀಸರ್ ಕಾಯಬೇಕು, ಎತ್ತಿದ ಹಲ್ಲು ಬಂದಾಗ ಸುಮ್ಮನಾಗಬೇಕು. ಕರೆಂಟು ಟೈಮರಿನ ಮೂಲಕವೇ ಹೋಗುತ್ತಿದ್ದುದರಿಂದ ಅದು ಒಪ್ಪದೆ ಯಾರು ಸ್ವಿಚ್ ಒತ್ತಿದರೂ ನೀರು ಕಾಯುವಂತಿರಲಿಲ್ಲ. ಇನ್ನೊಂದು ವಿಶೇಷವೆಂದರೆ ಆ ಮುಖವನ್ನು ಮುಂದಕ್ಕೆ ಮಾತ್ರ ತಿರುಗಿಸಬಹುದಿತ್ತು. ಸ್ವಲ್ಪ ಹಿಂದೆ ಹೋಗಬೇಕೆಂದರೂ ಇಡೀ ಒಂದು ದಿನ ಸುತ್ತಿ ಬರಬೇಕು. ಹಾಕಿಸಿದ ದಿನ ಅಪ್ಪ ಅದರ ಮುಂದೆ ನಿಂತು, ಮಗಳಿಗೆ ಒಳ್ಳೆ ಸಂಬಂಧ ಸಿಕ್ಕವರ ಹಾಗೆ ಹೇಳಿದ್ದರು.

"ಇನ್ನು ನಾವು ಯೋಚನೆ ಮಾಡೋ ಹಾಗೇ ಇಲ್ಲ. ಅದೇ ಯೋಚನೆ ಮಾಡತ್ತೆ."

ಅದಕ್ಕೆ ಯೋಚನೆ ಮಾಡುವ ಅಭ್ಯಾಸವೇ ಇರಲಿಲ್ಲ. ಬಿಲ್ಡಿಂಗಿನ ಕರೆಂಟು ಹೋದರೆ ಅದೂ ನಿಂತು, ಬಂದ ಮೇಲೆ ನಿಂತಲ್ಲಿಂದಲೇ ಹೊರಡುತ್ತಿತ್ತು. ಬಚ್ಚಲಿನ ಹಬೆ ಒಳಗೆ ಸೇರಿ ಕೆಲವು ದಿನ ಟಕ್ಕೆಂದು ಸದ್ದು ಮಾಡಿಯೂ ಗೀಸರನ್ನು ಎಬ್ಬಿಸುತ್ತಿರಲಿಲ್ಲ. ಅಪ್ಪ ಅಂಗಡಿಗೆ ಒಯ್ದು ಬದಲಾಯಿಸಿಕೊಂಡು ಬಂದರು. ಹೊಸದಕ್ಕೂ ಅದೇ ಬುದ್ಧಿ. ಹಾಗಾಗಿ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಗೀಸರಿನಿಂದ ಇಳಿಯುವ ಪೈಪನ್ನು ಮುಟ್ಟಿ, ಬಿಸಿಯೋ ತಣ್ಣಗೋ ಎಂದು ವರದಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಮಧ್ಯಾಹ್ನದ ಪಾಳಿ, ಬೆಳಿಗ್ಗೆಯೆಲ್ಲ ನಾನು ಮನೆಯಲ್ಲೇ. ಬೇರೆ ಹುಡುಗಿಯರು ಆ ಹೊತ್ತಿನಲ್ಲಿ ಕುಣಿತ, ಸಂಗೀತ ಕಲಿತರು. ನಾನು ಪೈಪು ಮುಟ್ಟುವುದನ್ನು ಕಲಿತೆ.

ಇದೆಲ್ಲ ಒಂದು ಮಗು ಬರುವವರೆಗೆ ಬರೀ ಸಂಸಾರದ ತಮಾಷೆಯಾಗಿತ್ತು. ನಾನು ಹುಟ್ಟಿದ್ದು ಮೈಸೂರಿನಲ್ಲಿ, ಅಜ್ಜಿಯ ಕೈಯಲ್ಲಿ. ಎರಡನೆಯ ಸಲ ಅಮ್ಮನಿಗೆ ವಿಮಾನ ಹತ್ತುವುದು ಬೇಡವೆಂದು ಡಾಕ್ಟರು ಹೇಳಿದರು. ಅಜ್ಜಿಯೇ ಬರುವುದೆಂದಾಯಿತು. ಆದರೆ ಅಜ್ಜಿಯ ಪಾಸ್‌ಪೋರ್ಟು ಬರುವ ಮೊದಲೇ ಮಗು ಬಂದುಬಿಟ್ಟಿತು, ಯುಗಾದಿ ಕಳೆದ ವಾರ. ತಮ್ಮ. ಈಗ ಒಮಾನಿನದೇ ದುಕ್ಮ್‌ನಲ್ಲಿ ಕೆಲಸ ಮಾಡುತ್ತಾ ಆರಡಿ ಎತ್ತರ ಬೆಳೆದು ಯಾವ ಕಾಲದಲ್ಲೂ ತಣ್ಣೀರಿನಲ್ಲೇ ಮೀಯುವವನು ಆಗ ಒಂದು ಟವೆಲ್ಲಿನಲ್ಲಿ ಹಿಡಿಸುತ್ತಿದ್ದ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಜ್ಜಿಯ ಫೋನು ಬಂತು. ಆ ಕಾಲದಲ್ಲಿ ಟ್ರಂಕ್ ಕಾಲಿನ ಅಭ್ಯಾಸದವರು ಮಾತಾಡುತ್ತಿದ್ದುದು ಎಷ್ಟು ಜೋರಾಗಿತ್ತೆಂದರೆ, ಅಜ್ಜಿಯ ಮಾತು ಅಮ್ಮನ ಕಿವಿಯಿಂದ ಹೊರಬಿದ್ದು ಹಾಲಿನಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು.

"ನೀರು ಹೆಂಗೆ ಕಾಯಿಸ್ತೀಯ?"

"ಗೀಸರ್ ಇದೆಯಲ್ಲಮ್ಮ."

"ಬಾಣಂತಿಗೆ ಗೀಸರ್ ನೀರಾ? ಅದು ಕೈ ತೊಳೆಯೋಕೆ. ಸೊಂಟ ಗಟ್ಟಿಯಾಗೋಕೆ ಹಂಡೆ ಹಂಡೆ ಬೀಳಬೇಕು ಕಣೆ. ನಾಳೆ ನಲವತ್ತಕ್ಕೆ ಬೆನ್ನು ಹಿಡ್ಕೊಂಡು ಕೂತಾಗ ನಿನ್ನ ಗೀಸರ್ ಬಂದು ಒತ್ತತ್ತಾ? ಮಗುವಿನ ಪಾಸ್‌ಪೋರ್ಟ್ ಆಗೋವರೆಗೂ ನೋಡ್ತೀನಿ. ನೀರು ಸರಿಹೋಗಲಿಲ್ಲ ಅಂದ್ರೆ ಎತ್ಕೊಂಡು ಹೊರಟು ಬಾ. ಐದಾರು ತಿಂಗಳು ಇದ್ದು ಸುಧಾರಿಸಿಕೊಂಡು ಹೋಗುವಂತೆ."

"ಪುಟ್ಟಿ ಸ್ಕೂಲು?"

"ಅವಳು ಅಪ್ಪನ ಜೊತೆ ಇರ್ತಾಳೆ. ಉಪ್ಪಿಟ್ಟು ಮಾಡೋಕೆ ಬರತ್ತಲ್ಲ ಅವರಿಗೆ."

ಪುಟ್ಟಿ ಎಂದರೆ ನಾನು. ಅಪ್ಪನಿಗೆ ಉಪ್ಪಿಟ್ಟು ಬರುತ್ತಿದ್ದುದು ನಿಜ, ಬೇರೇನೂ ಬರುತ್ತಿರಲಿಲ್ಲ ಎನ್ನುವುದೂ ನಿಜ. ಅಮ್ಮನಿಲ್ಲದ ಐದಾರು ತಿಂಗಳನ್ನು ನಾನು ಆ ನಿಮಿಷದಲ್ಲೇ ಕಂಡುಬಿಟ್ಟೆ: ತಟ್ಟೆಯಲ್ಲಿ ಉಪ್ಪಿಟ್ಟು, ಟಿಫಿನ್ ಡಬ್ಬಿಯಲ್ಲಿ ಉಪ್ಪಿಟ್ಟು, ಅಡುಗೆಮನೆಯಲ್ಲಿ ಯಾರೂ ನೋಡದೆ ಓಡುತ್ತಿರುವ ಮೈಸೂರಿನ ಗಡಿಯಾರ. ಬೇಡವೆಂದು ಅಳಬಹುದಿತ್ತು. ನಾನು ಅಳುವ ಜಾತಿಯವಳಲ್ಲ, ಹೋಗಿ ಪೈಪು ಮುಟ್ಟುವ ಜಾತಿಯವಳು. ಅಮ್ಮ ಇರಬೇಕಾದರೆ ನೀರು ಸರಿಹೋಗಬೇಕು, ನೀರು ಸರಿಹೋಗಬೇಕಾದರೆ ಟೈಮರ್ ಸರಿಯಾಗಿರಬೇಕು. ನನ್ನ ಬದುಕು ಆ ಅಂಗೈ ಅಗಲದ ಮುಖಕ್ಕೆ ಬಂದು ನಿಂತಿತ್ತು.

ನೀರೆರೆಯಲು ಒಪ್ಪಿಕೊಂಡು ಬಂದವರು ಕೆಳಗಿನ ಮಹಡಿಯ ಖತೀಜಮ್ಮ. ಉಳ್ಳಾಲದ ಬ್ಯಾರಿ ಹೆಂಗಸು, ಅವರ ಗಂಡನದು ನಮ್ಮ ಬೀದಿಯಲ್ಲೇ ಬಟ್ಟೆ ಅಂಗಡಿ. ನಾನವರನ್ನು ಖತೀಜಾಂಟಿ ಎನ್ನುತ್ತಿದ್ದೆ. ತಮ್ಮ ಹೆಣ್ಣುಮಕ್ಕಳು, ತಂಗಿಯರು, ತಂಗಿಯರ ಸೊಸೆಯಂದಿರು ಎಂದು ಅವರು ನೀರೆರೆದ ಬಾಣಂತಿಯರಿಂದ ಒಂದು ಬಸ್ಸು ತುಂಬಿಸಬಹುದಿತ್ತು. ಅಜ್ಜಿಗೆ ಇವರು ಬ್ಯಾರಿ ಎನ್ನುವುದಕ್ಕಿಂತ ನೀರು ಗೀಸರಿನದು ಎನ್ನುವುದೇ ದೊಡ್ಡ ಆಕ್ಷೇಪ. ಖತೀಜಮ್ಮ ಮೊದಲ ದಿನ ಬಂದವರೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಚ್ಚಲಿನಲ್ಲಿ ಮಣೆ ಹಾಕಿ ಕೂತು, ಕಾಲು ಚಾಚಿ, ಆ ಕಾಲುಗಳ ಮೇಲೆ ತಮ್ಮನನ್ನು ಬೋರಲಾಗಿ ಮಲಗಿಸಿದರು. ಎಣ್ಣೆ ತಿಕ್ಕಿದರು, ಕಡಲೆಹಿಟ್ಟು ಹಚ್ಚಿದರು, ಹಣೆಗೆ ಅಂಗೈ ಅಡ್ಡ ಇಟ್ಟು ಕಣ್ಣಿಗೆ ಬೀಳದ ಹಾಗೆ ನೀರು ಹೊಯ್ದರು. ಅವನು ಕಿರುಚಾಡಿದ. ಒರೆಸಿ ಸಾಂಬ್ರಾಣಿ ಹೊಗೆ ತೋರಿಸಿದ್ದೇ ತಡ ಕುಡಿದವನಂತೆ ನಿದ್ದೆ ಹೋದ. ಆಮೇಲೆ ಅಮ್ಮನ ಸರದಿ. ಮೈಗೆಲ್ಲ ಎಣ್ಣೆ ಅರಿಶಿನ ಹಚ್ಚಿ ಒತ್ತಿ, ಚೆಂಬಿನಿಂದ ಬೆನ್ನಿಗೆ, ಸೊಂಟಕ್ಕೆ ರಪ್ಪೆಂದು ಬಿಸಿನೀರು. ಬಾಗಿಲಾಚೆ ನಿಂತಿದ್ದ ನನಗೆ ಆ ರಪ್ ರಪ್ ಕೇಳಿಸುತ್ತಿತ್ತು, ಅದರ ಮಧ್ಯೆ ಅಮ್ಮನ ಹಾ ಎನ್ನುವ ಉಸಿರು. ಆಮೇಲೆ ಇದ್ದಕ್ಕಿದ್ದ ಹಾಗೆ ಎರಡೂ ನಿಂತವು.

"ಖಲಾಸ್," ಎಂದರು ಖತೀಜಮ್ಮ ಅಮ್ಮನಿಗೆ. "ಇದು ಎಂತದು ಸುಮಾ, ಬೆನ್ನು ಒದ್ದೆಯಾಗುವಾಗಲೇ ಮುಗೀತಲ್ಲ. ಇದು ನೀರು ಹಾಕುದಲ್ಲ, ದೇವರ ಮೇಲೆ ಪ್ರೋಕ್ಷಣೆ ಮಾಡಿದ ಹಾಗೆ ಆಯ್ತು."

ಸ್ಟವ್ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿ ಕೊರತೆ ತುಂಬಿಸಲು ನೋಡಿದೆವು. ಕುದಿಯುವ ಪಾತ್ರೆ ಹಿಡಿದು ಅಪ್ಪ ಓಣಿಯಲ್ಲಿ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದರೆ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಒಂದು ಸಲ ಅವರ ಪಾದಕ್ಕೆ ತುಳುಕಿತು. ಅಲ್ಲಿಗೆ ಆ ಯೋಜನೆ ನಿಂತಿತು. ಉಳಿದದ್ದು ಟೈಮರ್ ಒಂದೇ. ಬೆಳಿಗ್ಗೆ ಅಪ್ಪನ ಸ್ನಾನಕ್ಕೆ ಒಂದು ಸಲ, ಒಂಬತ್ತಕ್ಕೆ ಖತೀಜಮ್ಮ ಬರುವ ಮೊದಲು ಇನ್ನೊಂದು ಸಲ ಎಂದು ಅಪ್ಪ ಹಲ್ಲುಗಳನ್ನು ಒತ್ತಿಟ್ಟರು. ಬಾಣಂತಿ ಸ್ನಾನ ಬಿಸಿಲೇರುವ ಮೊದಲೇ ಆಗಬೇಕೆಂದು ಅಜ್ಜಿಯ ಆಜ್ಞೆಯಿತ್ತು.

ಒಂದು ದಿನ ನೀರು ಒಂಬತ್ತಕ್ಕೆ ಕಾದಿರುತ್ತಿತ್ತು, ಮರುದಿನ ಏಳೂವರೆಗೇ ಕಾದು ಅಪ್ಪನ ಮೈಮೇಲೆ ಖರ್ಚಾಗಿರುತ್ತಿತ್ತು, ಅದರ ಮರುದಿನ ಮತ್ತೆ ಒಂಬತ್ತಕ್ಕೆ ಕಾಯುತ್ತಿತ್ತು. ನಾನು ಪೈಪಿನ ವರದಿಯನ್ನು ಎಷ್ಟು ಶ್ರದ್ಧೆಯಿಂದ ಒಪ್ಪಿಸಿದರೂ ಅದಕ್ಕೊಂದು ತಲೆಬುಡ ಕಾಣಲಿಲ್ಲ. ಗುಟ್ಟು ಹೊರಬಿದ್ದದ್ದು ಒಂದು ಬೆಳಿಗ್ಗೆ, ಟೈಮರ್ ಎದುರಿಗೆ ಅಪ್ಪ ಅಮ್ಮ ಡಿಕ್ಕಿ ಹೊಡೆದಾಗ. ಅಪ್ಪ ಹಾಲಿನಿಂದ ಬಂದಿದ್ದರು, ಅಮ್ಮ ಅಡುಗೆಮನೆಯಿಂದ. ಇಬ್ಬರ ಕೈಯೂ ಅದರ ಮುಖದ ಮೇಲಿತ್ತು.

"ಏನ್ ಮಾಡ್ತಿದೀಯ?"

"ಹಿಂದೆ ಬಿದ್ದಿದೆ ರೀ ಇದು. ದಿನಾ ಸರಿಮಾಡಿ ಸರಿಮಾಡಿ ಸಾಕಾಯ್ತು. ಎಷ್ಟು ಸರಿಮಾಡಿದ್ರೂ ಮತ್ತೆ ಒಂದೂವರೆ ಗಂಟೆ ಹಿಂದಕ್ಕೆ ಹೋಗಿರತ್ತೆ."

ಅಪ್ಪ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ನೀನು ದಿನಾ ಒಂದೂವರೆ ಗಂಟೆ ಮುಂದಕ್ಕೆ ಇಡ್ತಿದೀಯ?"

"ಹೂಂ. ಗಡಿಯಾರ ನೋಡ್ಕೊಂಡೇ."

"ನಾನು ದಿನಾ ಇಪ್ಪತ್ತೆರಡೂವರೆ ಗಂಟೆ ಸುತ್ತಿಸಿ ಅದನ್ನ ವಾಪಸ್ ತರ್ತಿದೀನಿ ಸುಮಾ. ನನ್ನ ಹೆಬ್ಬೆರಳು ನೋಡು, ಗುಳ್ಳೆ ಎದ್ದಿದೆ. ಯಾವ ಗಡಿಯಾರ?"

"ನಮ್ಮ ಗಡಿಯಾರ."

"ಅದು ಮೈಸೂರಿನದು ಕಣೆ. ಗೀಸರ್ ರೂವಿಯಲ್ಲಿದೆ."

"ಮೈಸೂರಿನ ಹೊತ್ತಿಗೆ ಬೇಗ ಕಾದ್ರೆ ನಿಮಗೇನು ನಷ್ಟ? ನೀವ್ಯಾಕೆ ಆ ನೀರಲ್ಲಿ ಸ್ನಾನ ಮಾಡಿದ್ರಿ?"

ಒಬ್ಬರಿಗೊಬ್ಬರು ಹೇಳದೆ, ಒಬ್ಬರು ಸರಿಮಾಡಿದ್ದನ್ನು ಇನ್ನೊಬ್ಬರು ಸರಿಮಾಡುತ್ತಾ ದಿನಗಟ್ಟಲೆ ಕಳೆದಿದ್ದರು. ಖತೀಜಮ್ಮನಿಗೆ ಇದನ್ನು ಹೇಳಿದಾಗ ಅವರು ಚೆಂಬು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಪಾಪ ಆ ಟೈಮರು. ದಿನಾ ಊರಿಗೆ ಹೋಗಿ ಬರುದಾ ಅದು? ಟಿಕೆಟ್ ಇಲ್ಲದೆ?" ನಾನು ಅವರ ಜೊತೆ ನಗಲಿಲ್ಲ. ಈಗ ಕಾರಣ ಗೊತ್ತಾಯಿತು, ಇನ್ನು ಎಲ್ಲ ಸರಿಹೋಗುತ್ತದೆ, ಅಮ್ಮ ಇರುತ್ತಾಳೆ ಎಂದು ಮನಸ್ಸಿನಲ್ಲೇ ಲೆಕ್ಕ ಮುಗಿಸುತ್ತಿದ್ದೆ.

ಅಮ್ಮ ಟೈಮರ್ ಮುಟ್ಟುವುದನ್ನು ಬಿಟ್ಟಳು. ಅದು ಮೂರು ನಾಲ್ಕು ದಿನ ಸರಿಯಾಗಿ ನಡೆಯಿತು. ಆಮೇಲೆ ಬಿಸಿಲು ಏರಿತು, ಬಿಲ್ಡಿಂಗಿನಲ್ಲಿ ಎಲ್ಲರೂ ಒಟ್ಟಿಗೆ ಎ.ಸಿ. ಹಾಕತೊಡಗಿದರು, ಕರೆಂಟು ಹೋಗಿ ಬರತೊಡಗಿತು, ಟೈಮರು ತನ್ನ ಸ್ವಂತದೊಂದು ದೇಶದ ಹೊತ್ತನ್ನು ಹಿಡಿಯಿತು. ಅದು ಸರಿಯಾಗಿದ್ದ ದಿನವೂ ಎರಡು ಬಕೆಟ್ಟಿಗೆ ಮುಗಿಯುತ್ತಿತ್ತಲ್ಲ. ಅಮ್ಮ ಮಗುವಿಗೆ ಹಾಲು ಕೊಟ್ಟು ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಮೆಣಸು ಜೀರಿಗೆ ಸಾರಿಗೆ ಬೆಳ್ಳುಳ್ಳಿ ಸುಲಿಯುತ್ತಾ ಕೂತವಳು ಒಂದು ಮಧ್ಯಾಹ್ನ ನನ್ನ ಕಡೆ ನೋಡದೆ ಹೇಳಿದಳು.

"ಅಪ್ಪನಿಗೆ ಅನ್ನ ಮಾಡೋದು ಹೇಳ್ಕೊಡ್ತೀನಿ ಪುಟ್ಟಿ. ನೀನು ನೋಡ್ಕೊಂಡಿರು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು."

ಅವಳ ಮನಸ್ಸು ಹೊರಟಾಗಿತ್ತು. ಮುಂದಿನ ವಾರ ತಮ್ಮನ ಪಾಸ್‌ಪೋರ್ಟೂ ಬಂತು. ಅದರ ಫೋಟೋದಲ್ಲಿ ಅವನು ಯಾರ ಮೇಲೋ ದೂರು ಕೊಡಲು ಹೊರಟವನ ಹಾಗಿದ್ದ. ಶನಿವಾರ ಆಫೀಸಿನಿಂದ ಬರುವಾಗ ಟಿಕೆಟ್ ಮಾಡಿಸಿಕೊಂಡು ಬರುತ್ತೇನೆಂದು ಅಪ್ಪ ಬುಧವಾರ ಊಟದ ಹೊತ್ತಿಗೆ ಹೇಳಿದರು. ಹೇಳಿ, ಮಜ್ಜಿಗೆ ಹಾಕಿಕೊಳ್ಳದೆಯೇ ಎದ್ದರು.

ಆಗ ಒಮಾನಿನಲ್ಲಿ ವಾರದ ಕೊನೆಯೆಂದರೆ ಗುರುವಾರ, ಶುಕ್ರವಾರ; ಗುರುವಾರ ನನಗೆ ರಜೆ. ಬೆಳಿಗ್ಗೆ ಬಕೆಟ್ ಹತ್ತಿ ಪೈಪು ಮುಟ್ಟಿದೆ. ತಣ್ಣಗಿತ್ತು. ಟೈಮರಿನ ಮುಖ ತಿರುಗುತ್ತಿತ್ತು, ಒತ್ತಿದ ಹಲ್ಲುಗಳು ಬಂದು ಹೋಗುತ್ತಿದ್ದವು, ಟಕ್ಕೆಂದು ಸದ್ದೂ ಆಗುತ್ತಿತ್ತು, ಕೆಂಪು ದೀಪ ಮಾತ್ರ ಹತ್ತಲಿಲ್ಲ. ಖತೀಜಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು.

"ಇವತ್ತೂ ಇಲ್ವಾ? ಒಳ್ಳೆ ಗಂಡಸು ಇದು, ಮಾತು ಕೊಡುದಕ್ಕೆ ಮಾತ್ರ ಮುಂದೆ." ಅಮ್ಮನ ಮುಖ ನೋಡಿ ದನಿ ಇಳಿಸಿದರು. "ಬೇಜಾರು ಮಾಡ್ಬೇಡಿ. ನಮ್ಮ ಮನೆಯವರಿಗೆ ಅಡಿಗೆ ಮಾಡಿ, ನಮಾಜು ಮುಗಿಸಿ ಬರ್ತೇನೆ. ಮಗುವಿಗಾದ್ರೂ ಎರಡು ಚೆಂಬು ಹಾಕುವ."

ಅವರು ಮತ್ತೆ ಬರುವಾಗ ಮಧ್ಯಾಹ್ನದ ಬಾಂಗು ಮುಗಿದು ಬೀದಿಯ ಅಂಗಡಿಗಳ ಶಟರುಗಳು ಇಳಿಯುತ್ತಿದ್ದವು. ಅಮ್ಮ ಎಣ್ಣೆ ಹಚ್ಚಿದ ಮಗುವನ್ನು ಎತ್ತಿಕೊಂಡು ಬಂದಳು. ಖತೀಜಮ್ಮ ಮಣೆಯ ಮೇಲೆ ಕೂತು ಕೈ ತೊಳೆಯಲು ತಣ್ಣೀರಿನ ನಲ್ಲಿ, ನೀಲಿ ಗುರುತಿನದು, ತಿರುಗಿಸಿದರು. ತಕ್ಷಣ ಕೈ ಹಿಂದೆಗೆದುಕೊಂಡು ಸೀರೆಗೆ ಒರೆಸಿಕೊಂಡರು. ಆಮೇಲೆ ಬೆರಳ ತುದಿ ಇಟ್ಟು ಮತ್ತೆ ನೋಡಿದರು. ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು.

"ಸುಮಾ, ನಾವು ಎಂತ ಜನ ಮಾರಾಯ್ರೆ?"

ಇದನ್ನು ಓದುತ್ತಿರುವ ಮಸ್ಕತ್ತಿನವರಿಗೆ ನಗು ಬಂದಿರಬೇಕು. ಇಲ್ಲಿ ಮೇ ತಿಂಗಳು ಕಾಲಿಟ್ಟಿತೆಂದರೆ ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ಮಧ್ಯಾಹ್ನ ತಣ್ಣೀರಿನ ನಲ್ಲಿಯಲ್ಲಿ ಬರುವುದು ಕೈಯಿಡಲಾಗದ ನೀರು. ಎಲ್ಲ ಮನೆಗಳಲ್ಲೂ ಗೀಸರ್ ಆಫ್ ಮಾಡಿಬಿಡುತ್ತಾರೆ. ಆಗ ಗೀಸರಿನ ಹೊಟ್ಟೆಯಲ್ಲಿ, ಮನೆಯೊಳಗಿನ ನೆರಳಿನಲ್ಲಿ ನಿಂತ ನೀರೇ ತಂಪು. ಕೆಂಪು ನಲ್ಲಿ ತಣ್ಣೀರಿಗೆ, ನೀಲಿ ನಲ್ಲಿ ಬಿಸಿನೀರಿಗೆ ಎಂದು ಬೇಸಿಗೆಯಿಡೀ ನಾವು ತಿರುವುಮುರುವಾಗಿ ಬದುಕುವವರು. ವರ್ಷ ವರ್ಷವೂ ಅಯ್ಯೋ ಸುಡುತ್ತೆ ಎಂದು ಆ ನೀರನ್ನು ಬೈಯುತ್ತಿದ್ದೆವು. ಆದರೆ ಬಾಣಂತನ ಮೈಸೂರಿನದು, ಟ್ಯಾಂಕು ಮಸ್ಕತ್ತಿನದು. ಬಾಣಂತಿ ಸ್ನಾನವೆಂದರೆ ಬೆಳಿಗ್ಗೆ, ಬಿಸಿನೀರೆಂದರೆ ಕಾಯಿಸಿದ್ದು ಎಂದು ಅಜ್ಜಿ ಹೇಳಿದ ಮೇಲೆ, ತಲೆಯ ಮೇಲೆ ಟ್ಯಾಂಕುಗಟ್ಟಲೆ ನೀರು ತಾನಾಗಿ ಕಾಯುತ್ತಿರುವುದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪೈಪು ಮುಟ್ಟುವುದರಲ್ಲಿ ಪರಿಣತಳಾದ ನಾನು ಮುಟ್ಟುತ್ತಿದ್ದುದೂ ಕೆಂಪು ಪೈಪನ್ನೇ, ಅದೂ ಬೆಳಿಗ್ಗೆ ಮಾತ್ರ.

"ನಡು ಮಧ್ಯಾಹ್ನ ಬಾಣಂತಿಗೆ ನೀರು ಹಾಕ್ತಾರಾ?" ಅಮ್ಮ ಅನುಮಾನಿಸಿದಳು. "ನಮ್ಮಮ್ಮನಿಗೆ ಗೊತ್ತಾದ್ರೆ..."

"ನಿಮ್ಮ ಅಮ್ಮ ಹೇಳಿದ್ದು ಬಿಸಿಲು ಏರುವ ಮೊದಲು ಅಂತ ಅಲ್ವಾ? ಅಲ್ಲಿ ಬಿಸಿಲು ಹೊರಗೆ ಇರ್ತದೆ. ಇಲ್ಲಿ ಅದನ್ನೇ ಬಚ್ಚಲಿಗೆ ಬಿಡುವ. ಯಲ್ಲಾ, ಕೂತ್ಕೊಳ್ಳಿ ಈಗ, ಮಗುವನ್ನು ನಂಗೆ ಕೊಡಿ."

ಮಗುವಿನ ಬಕೆಟ್ಟಿಗೆ ನೀಲಿ ನಲ್ಲಿಯ ಬಿಸಿ ಜಾಸ್ತಿಯಾಯಿತು. ಖತೀಜಮ್ಮ ಅದಕ್ಕೆ ಕೆಂಪು ನಲ್ಲಿಯ ನೀರು ಬೆರೆಸಿದರು. ಟೈಮರು ಕೈಕೊಟ್ಟಿದ್ದರಿಂದ ಗೀಸರಿನ ನೀರು ತಂಪಾಗಿ, ಹದವಾಗಿ ನಿಂತಿತ್ತು. ಆ ಯಂತ್ರ ನಮ್ಮ ಮನೆಗೆ ಮಾಡಿದ ಒಂದೇ ಉಪಕಾರವೆಂದರೆ ಆ ದಿನ ಕೆಲಸ ಮಾಡದೆ ಇದ್ದದ್ದು. ತಮ್ಮ ಅಂದು ಕಿರುಚಾಡಲೂ ಇಲ್ಲ, ಕಾಲಿನ ಮೇಲೆ ಬೋರಲಾಗಿ ಮಲಗಿ ಬಾಯಿ ಚಪ್ಪರಿಸುತ್ತಿದ್ದ. ಅವನನ್ನು ಸುತ್ತಿ ನನ್ನ ಮಡಿಲಿಗೆ ಕೊಟ್ಟು ಬಾಗಿಲು ಹಾಕಿಕೊಂಡರು. ಒಳಗೆ ರಪ್ ರಪ್ ಶುರುವಾಯಿತು. ನಾನು ಅಭ್ಯಾಸದಂತೆ ಅದು ನಿಲ್ಲುವುದನ್ನು ಕಾಯುತ್ತಾ ಕೂತೆ. ನಿಲ್ಲಲಿಲ್ಲ. ಡ್ರಮ್ಮಿಗೆ ನೀರು ಬೀಳುವ ಸದ್ದು, ಚೆಂಬು ಮುಳುಗುವ ಸದ್ದು, ಬೆನ್ನಿನ ಮೇಲೆ ಅದು ಒಡೆಯುವ ಸದ್ದು, ಮತ್ತೆ ಮತ್ತೆ. ಬಾಗಿಲ ಕೆಳಗಿನ ಸಂದಿನಿಂದ ಅರಿಶಿನದ ವಾಸನೆಯ ಹಬೆ ಓಣಿಗೆ ಬಂತು. ಖತೀಜಮ್ಮ ತಮ್ಮ ಭಾಷೆಯಲ್ಲಿ ಏನೋ ಗುನುಗುತ್ತಿದ್ದರು. ತುಂಬ ಹೊತ್ತಿನ ಮೇಲೆ ಒಳಗಿನಿಂದ ಅಮ್ಮನ ದನಿ ಕೇಳಿತು.

"ಸಾಕು."

"ಎಂತ?"

"ಸಾಕು ಖತೀಜಮ್ಮ. ಸಾಕಾಯ್ತು."

ಮಗು ಹುಟ್ಟಿದಾಗಿನಿಂದ ಆ ಬಚ್ಚಲಿನಲ್ಲಿ ಅಮ್ಮ ಆ ಮಾತು ಆಡಿರಲಿಲ್ಲ. ಅವಳಿಗಿಂತ ಮೊದಲು ಯಾವಾಗಲೂ ಗೀಸರೇ ಸಾಕೆಂದು ಬಿಡುತ್ತಿತ್ತು.

ಗುರುವಾರ ಅಪ್ಪನಿಗೆ ಅರ್ಧ ದಿನ. ಅವರು ಬರುವಾಗ ಅಮ್ಮ ತಲೆಗೆ ಬಟ್ಟೆ ಸುತ್ತಿ ಕಂಬಳಿ ಹೊದ್ದು ಬೆವರುತ್ತಾ ಮಲಗಿದ್ದಳು, ಪಕ್ಕದಲ್ಲಿ ತಮ್ಮ, ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಖತೀಜಮ್ಮ ನಮ್ಮ ಅಡುಗೆಮನೆಯಲ್ಲಿ ನಿಂತು ಅವಳ ಸಾರು ಬಿಸಿ ಮಾಡುತ್ತಿದ್ದರು. ನಡೆದದ್ದನ್ನು ಅಪ್ಪನಿಗೆ ಹೇಳಿದ್ದು ನಾನು. ಅವರು ಬಚ್ಚಲಿಗೆ ಹೋಗಿ ನೀಲಿ ನಲ್ಲಿಯ ಕೆಳಗೆ ಕೈಯಿಟ್ಟು ನೋಡಿದರು. ಕೈ ಹಿಂದೆಗೆದುಕೊಂಡರು. ಟೈಮರಿನ ಮುಂದೆ ನಿಂತು, ಅದರ ಮೇಲಿನ ಸ್ವಿಚ್ಚನ್ನು ಆಫ್ ಮಾಡಿದರು. ಮುಖ ತಿರುಗುವುದು ನಿಂತಿತು. ಊಟಕ್ಕೆ ಕೂತಾಗ ಅವರು ಕೇಳಿದ್ದು ಒಂದೇ ಮಾತು.

"ಹಾಗಾದ್ರೆ ಶನಿವಾರ ನಾನು ಏನು ಮಾಡ್ಲಿ?"

ಕೋಣೆಯಿಂದ ಕಂಬಳಿಯೊಳಗಿನ ದನಿ ಬಂತು. ನಾವು ನಿದ್ದೆಯೆಂದುಕೊಂಡಿದ್ದೆವು.

"ನಾಳೆ ಅಮ್ಮನ ಹತ್ರ ಮಾತಾಡ್ತೀನಿ. ಆಮೇಲೆ ಹೇಳ್ತೀನಿ."

ಊಟ ಸೇರದೆ ಹೋದದ್ದು ಈಗ ನನಗೆ. ಅಜ್ಜಿ ಒಪ್ಪದಿದ್ದರೆ? ನಡು ಮಧ್ಯಾಹ್ನ ಎಂದ ತಕ್ಷಣ ಕೂಗಾಡಿದರೆ? ನಾಳೆ ಮೋಡ ಬಂದರೆ? ಮಸ್ಕತ್ತಿನಲ್ಲಿ ಮೇ ತಿಂಗಳಲ್ಲಿ ಮೋಡಕ್ಕೆ ಹೆದರಿದ ಏಕೈಕ ಜೀವ ನಾನೇ ಇರಬೇಕು. ಶುಕ್ರವಾರ ಬೆಳಿಗ್ಗೆಯೆಲ್ಲ ಕಿಟಕಿಗೆ ಹಣೆ ಒತ್ತಿ ಆಕಾಶ ಕಾದೆ. ಅದು ಬಿಳಿಯಾಗಿ ಉರಿಯುತ್ತಿತ್ತು. ಹೊತ್ತು ಏರಿದಾಗ ಖತೀಜಮ್ಮ ಬಂದರು, ಮಗುವಿಗೂ ಅಮ್ಮನಿಗೂ ಹಿಂದಿನ ದಿನದಂತೆಯೇ ಸಾಕುಸಾಕೆನಿಸುವಷ್ಟು ನೀರು ಬಿತ್ತು. ಸಂಜೆ ಹಾಲಿನಲ್ಲಿ ಫೋನು. ಅಪ್ಪ ಫೋನ್ ಕಾರ್ಡಿನ ನಂಬರು ಒತ್ತಿ, ರಿಸೀವರನ್ನು ಅಮ್ಮನಿಗೆ ಕೊಟ್ಟು, ಸೋಫಾದ ತುದಿಯಲ್ಲಿ ಕೂತರು. ಮಗುವನ್ನು ಮಲಗಿಸಲು ಬಂದಿದ್ದ ಖತೀಜಮ್ಮ ಅವನನ್ನು ಭುಜಕ್ಕೆ ಹಾಕಿಕೊಂಡು ಅಲ್ಲೇ ನಿಂತಿದ್ದರು.

"ಪಾಸ್‌ಪೋರ್ಟ್ ಬಂತಂತಲ್ಲ," ಎಂದಿತು ಅಜ್ಜಿಯ ದನಿ, ಇಡೀ ಹಾಲಿಗೆ.

"ಬಂತಮ್ಮ. ಅಮ್ಮ, ನೀರು ಸರಿಹೋಯ್ತು."

"ಏನು ಸರಿಹೋಯ್ತು? ಎರಡು ಬಕೆಟ್ಟಾ?"

"ಸಾಕು ಅಂತ ನಾನೇ ಹೇಳೋವರೆಗೂ ಬಿತ್ತು. ನಿನ್ನೆನೂ ಇವತ್ತೂ. ನಿನ್ನೆ ಮಗು ಹುಟ್ಟಿದ್ಮೇಲೆ ಮೊದಲನೇ ಸಲ ಗೋಡೆ ಹಿಡೀದೆ ಎದ್ದೆ."

"ಎಷ್ಟೊತ್ತಿಗೆ ಹಾಕಿದ್ರು?"

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದರು.

"ಇಲ್ಲಿ ಮಧ್ಯಾಹ್ನ ಆಗತ್ತಮ್ಮ. ಇಲ್ಲಿ ನೀರು ಕಾಯೋದೇ ಆವಾಗ. ಬಿಸಿಲಿಗೇ ಕಾಯತ್ತೆ, ಮೇಲೆ ಟ್ಯಾಂಕಲ್ಲಿ."

ಅಜ್ಜಿ ಕೇಳಿದರು.

"ಆ ಖತೀಜಮ್ಮ ಇದಾರಾ ಅಲ್ಲಿ? ಕೊಡು ಇತ್ಲಾಗೆ."

ಖತೀಜಮ್ಮ ಮಗುವನ್ನು ಅಪ್ಪನ ಕೈಗೆ ವರ್ಗಾಯಿಸಿ, ಸೆರಗು ಸರಿಮಾಡಿಕೊಂಡು ರಿಸೀವರ್ ತೆಗೆದುಕೊಂಡರು. ಅಜ್ಜಿ ಈಗ ದನಿ ತಗ್ಗಿಸಿದ್ದರಿಂದ ನಮಗೆ ಒಂದು ಕಡೆಯದು ಮಾತ್ರ ಕೇಳುತ್ತಿತ್ತು.

"ನಮಸ್ಕಾರ ಅಮ್ಮಾ... ಹಾಂ, ಉಳ್ಳಾಲ... ಹೌದು, ಎತ್ತರದಿಂದಲೇ ಹಾಕುದು... ಇಲ್ಲ ಇಲ್ಲ, ಸೊಂಟ ಬಿಡುದುಂಟಾ?... ಅದು ನಮ್ಮಲ್ಲಿಯೂ ಹಾಗೇ... ಬಟ್ಟೆ ಕಟ್ತೇನೆ, ಬಿಗಿಯಾಗಿಯೇ ಕಟ್ತೇನೆ... ಇಲ್ಲ ಅಮ್ಮಾ, ಕಣ್ಣಿಗೆ ಒಂದು ಹನಿ ಸಹ ಬಿಡ್ಲಿಲ್ಲ... ಓಮ ಹಾಕಿದ್ದೇನೆ... ಹಾಂ?... ಹಾಂ... ಅದು ಎಷ್ಟು ದಿನ ಕೊಡ್ಬೇಕು?"

ಅಪ್ಪ ಮಗುವನ್ನು ಎತ್ತಿಕೊಂಡು ಗೋಡೆಯ ಗಡಿಯಾರ ನೋಡುತ್ತಾ ಕಾರ್ಡಿನ ನಿಮಿಷಗಳ ಬಗ್ಗೆ ಚಿಂತಿಸುತ್ತಿದ್ದರು. ಅಮ್ಮ ಚಿಂತಿಸುತ್ತಿದ್ದುದು ಬೇರೆ. ನಾನು ಇಬ್ಬರದನ್ನೂ ಸೇರಿಸಿ ಚಿಂತಿಸುತ್ತಿದ್ದೆ. ಖತೀಜಮ್ಮ ಹಾಂ ಹಾಂ ಎನ್ನುತ್ತಲೇ ಇದ್ದರು. ಒಮ್ಮೆ ನಕ್ಕರು, ಒಮ್ಮೆ ನನ್ನ ಕಡೆ ನೋಡಿ ತಲೆಯಾಡಿಸಿದರು. ಕೊನೆಗೆ ರಿಸೀವರನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದರು.

"ಕಟ್ ಆಯ್ತು. ಮೆಂತೆ ಲಡ್ಡಿಗೆ ಬೆಲ್ಲ ಎಷ್ಟು ಹಾಕ್ಬೇಕು ಅಂತ ಹೇಳ್ಲಿಕ್ಕೆ ಹೊರಟಿದ್ರು. ಅಂಟು ಹಾಕ್ಲಿಕ್ಕೆ ಹೇಳಿದ್ದಾರೆ, ಒಂದು ತಿಂಗಳು ಪೂರ್ತಿ ಕೊಡ್ಬೇಕಂತೆ."

"ಊರಿಗೆ ಬರೋ ವಿಷಯ ಏನಾದ್ರೂ ಕೇಳಿದ್ರಾ?" ಎಂದಳು ಅಮ್ಮ.

ಖತೀಜಮ್ಮ ರಿಸೀವರನ್ನು ಅದರ ಜಾಗದಲ್ಲಿಟ್ಟರು.

"ಇಲ್ಲಪ್ಪ. ಅದು ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."